ಒಪ್ಪಿಸಿ ಇಳಿದವನು

ಮಹಂತೇಶನ ಬಗ್ಗೆ ಯಾರಾದರೂ ನನ್ನ ಮುಂದೆ ಹಗುರವಾಗಿ ಮಾತಾಡಿದರೆ ಅವರ ತಟ್ಟೆಗೆ ಎರಡನೇ ಸಲ ಸಾರು ಬೀಳುವುದಿಲ್ಲ. ಇದು ನಮ್ಮ ಮೆಸ್ಸಿನ ಕಾನೂನು. ಬೋರ್ಡಿನ ಮೇಲೆ ಬರೆಸಿಲ್ಲ, ಆದರೆ ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರಕ್ಕೆ ಬರುವ ನಮ್ಮ ಕಡೆಯ ಲಾರಿಯವರಿಗೆಲ್ಲ ಗೊತ್ತು.

ನಾನು ಸುಶೀಲಮ್ಮ, ಹಿರಿಯೂರಿನವಳು. ಹಿಂದೆ ಒಲೆಯ ಮುಂದೆ ನಿಲ್ಲುವವರು ನಮ್ಮ ಯಜಮಾನರು. ಮುಂದೆ ಗಲ್ಲಾದಲ್ಲಿ ಕೂತು ಬಾಯಿ ಮಾಡುವವಳು ನಾನು. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ, ಅನ್ನ, ಸಾರು. ಸುತ್ತ ನೋಡಿದರೆ ಟೈರು, ಗ್ರೀಸು, ಸರ್ದಾರ್ಜಿಗಳ ಗ್ಯಾರೇಜು, ಪರಾಠಾದ ಹೊಗೆ. ನಡುವೆ ನಮ್ಮ ಹುಳಿಯ ವಾಸನೆ. ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯಿಂದ ದಾರಿಯುದ್ದಕ್ಕೂ ದಾಲ್ ರೊಟ್ಟಿ ತಿಂದು ನಾಲಿಗೆ ಸತ್ತವರು ಇಲ್ಲಿ ಕೂತು ಉಣ್ಣುವಾಗ ಅವರ ಮುಖ ನೋಡಬೇಕು. ನಾನೇನು ಪುಣ್ಯಕ್ಕೆ ಹಾಕುತ್ತಿಲ್ಲ, ವ್ಯಾಪಾರವೇ. ಆದರೂ ಖುಷಿಯಾಗುತ್ತದೆ.

ಇಲ್ಲಿ ಡ್ರೈವರುಗಳು ಕೆಲಸ ಬಿಡುವ ರೀತಿಯೇ ಬೇರೆ. ಮಾಲೀಕನಿಗೆ ಒಂದು ಮಾತು ಹೇಳುವುದಿಲ್ಲ. ಲಾರಿಯನ್ನು ಯಾವುದಾದರೂ ಢಾಬಾದ ಮುಂದೆಯೋ ಪೆಟ್ರೋಲ್ ಬಂಕಿನ ಮೂಲೆಯಲ್ಲೋ ನಿಲ್ಲಿಸಿ, ಕೀಲಿಯನ್ನು ಅಲ್ಲಿನ ಗಲ್ಲಾದವರ ಕೈಗೆ ತುರುಕಿ, "ಸಾಹುಕಾರರಿಗೆ ಒಂದು ಫೋನ್ ಹಾಕ್ಬಿಡಿ" ಎಂದು ಬಸ್ಸು ಹತ್ತುವುದು. ಆಮೇಲೆ ಅವನ ಫೋನ್ ಸ್ವಿಚ್ ಆಫ್. ನನ್ನ ಗಲ್ಲಾದ ಪಕ್ಕದ ಮೊಳೆಯಲ್ಲಿ ಇಂಥ ಒಂದಲ್ಲ ಒಂದು ಅನಾಥ ಕೀಲಿ ನೇತಾಡುತ್ತಲೇ ಇರುತ್ತದೆ. ಮಾಲೀಕನಿಗೆ ತಿಳಿಸಿದರೆ ಓಡಿಹೋದವನಿಗೆ ಸಲ್ಲಬೇಕಾದ ಬೈಗುಳವೆಲ್ಲ ನನಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಸುಮ್ಮನಿರುವವಳಲ್ಲ, ತಿರುಗಿಸಿ ಕೊಡುತ್ತೇನೆ. ಅದು ಬೇರೆ ಮಾತು.

ಟ್ರಾನ್ಸ್‌ಪೋರ್ಟ್ ನಗರದಲ್ಲಿ ಒಂದು ಮಾತಿದೆ: ಬಿಡುತ್ತೇನೆ ಎಂದು ಹೇಳಿದವನು ಬಿಡುವುದಿಲ್ಲ, ಬಿಡುವವನು ಹೇಳುವುದಿಲ್ಲ. ಹೇಳಿದ್ದಾನೆ ಎಂದರೆ ಸಂಬಳ ಏರಿಸು ಎಂದೇ ಅರ್ಥ. ಮಹಂತೇಶನ ಕಥೆ ನಡೆದದ್ದು ಈ ಮಾತಿನ ಸುತ್ತ.

ಅವನು ಜಮಖಂಡಿ ಕಡೆಯವನು. ಆಜಾದ್‌ಪುರದ ಮಂಡಿಗೆ ಈರುಳ್ಳಿ ಲೋಡು ತಂದವನು ಮೊದಲ ಸಲ ನಮ್ಮಲ್ಲಿಗೆ ಬಂದ. ಉಂಡ. ಎದ್ದ. ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ತೊಳೆದು, ತಂದು ಸಾಲಿನಲ್ಲಿಟ್ಟ. ನನಗೆ ಉರಿದುಹೋಯಿತು.

"ಏನಪ್ಪಾ, ತಟ್ಟೆ ತೊಳೆಯೋಕೆ ನಾವೇನು ಸತ್ತು ಹೋಗಿದೀವಾ?" ಎಂದೆ.

"ಹಂಗಲ್ರಿ ಅಕ್ಕಾ. ಉಂಡಾವ ತೊಳೀಬೇಕಲ್ರಿ?" ಎಂದ. ನಾಟಕದವನು ಎಂದುಕೊಂಡೆ. ಎಷ್ಟೋ ವರ್ಷ ಆಯಿತು, ನಾಟಕ ಇನ್ನೂ ಮುಗಿದಿಲ್ಲ.

ಮಂಡಿಯಲ್ಲೇ ಅವನನ್ನು ನೋಡಿ ಕೆಲಸಕ್ಕೆ ಹಾಕಿಕೊಂಡವನು ಬಲ್ಬೀರ್ ದಹಿಯಾ. ಸೋನಿಪತ್ ಕಡೆಯ ಜಾಟ, ಎಲ್ಲರ ಬಾಯಲ್ಲೂ ಚೌಧರಿ. ತಾನೂ ಹಿಂದೆ ಡ್ರೈವರನೇ ಆಗಿದ್ದವನು, ಈಗ ಒಂದಷ್ಟು ಲಾರಿಗಳ ಮಾಲೀಕ. ದಪ್ಪ ಮೀಸೆ, ಬಿಳಿ ಕುರ್ತಾ, ಬಾಯಿ ಬಿಟ್ಟರೆ ಬೈಗುಳ. ದಿನಾ ಬೆಳಗ್ಗೆ ನಮ್ಮಲ್ಲಿ ಇಡ್ಲಿ ತಿನ್ನುತ್ತಾನೆ. ಅವನ ಮಾತೆಲ್ಲ ಹರಿಯಾಣದ ಹಿಂದಿ. ನಾನಿಲ್ಲಿ ಅದನ್ನು ಕನ್ನಡದಲ್ಲಿ, ಬೈಗುಳ ಸೋಸಿ ಹೇಳುತ್ತಿದ್ದೇನೆ. ಸೋಸಿದ ಮೇಲೆ ಉಳಿಯುವುದು ಸ್ವಲ್ಪವೇ. ಮಹಂತೇಶನನ್ನು ಅವನು ಕರೆಯುತ್ತಿದ್ದದ್ದು 'ಮದ್ರಾಸಿ' ಎಂದು. ಮದ್ರಾಸೂ ಅಲ್ಲ ಮಣ್ಣೂ ಅಲ್ಲ, ಕರ್ನಾಟಕ ಎಂದು ನಾನು ಹೇಳಿ ಹೇಳಿ ಸಾಕಾಯಿತು.

ದೆಹಲಿಯಿಂದ ಬೆಂಗಳೂರು, ಬೆಂಗಳೂರಿನಿಂದ ದೆಹಲಿ, ಇದೇ ಮಹಂತೇಶನ ಬದುಕು. ಹತ್ತುವ ಮೊದಲು ಗಾಡಿಯ ಸುತ್ತ ಒಂದು ಸಲ ನಡೆದು ಪ್ರತಿ ಚಕ್ರವನ್ನೂ ರಾಡಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಕೈ ತೊಳೆಯದೆ ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ. ನಮ್ಮ ಗಲ್ಲಿಯಲ್ಲಿ ಲಾರಿಗಳು ಮೂತಿಗೆ ಮೂತಿ ತಾಗಿಸಿ ನಿಂತು ಎಲ್ಲರೂ ಕಿವಿ ಕಿತ್ತು ಹೋಗುವಂತೆ ಹಾರನ್ ಹೊಡೆಯುವಾಗ ಇವನು ಸುಮ್ಮನೆ ಕೂತಿರುತ್ತಿದ್ದ. ಯಾಕೋ ಎಂದರೆ, "ಹಾರನ್ ಹೊಡದ್ರ ರಸ್ತೆ ಅಗಲ ಆಗತೈತೇನ್ರಿ ಅಕ್ಕಾ?" ಎನ್ನುತ್ತಿದ್ದ. ನನ್ನ ಮೊಳೆಯಲ್ಲಿ ಅನಾಥ ಕೀಲಿ ಕಂಡರೆ ಕೇಳದೆಯೇ ಇಳಿಸಿಕೊಂಡು, ಆ ಲಾರಿಯನ್ನು ಅದರ ಮಾಲೀಕನ ಯಾರ್ಡಿಗೆ ಬಿಟ್ಟು ಬರುತ್ತಿದ್ದ. ಯಾರದೋ ಗಾಡಿ, ಯಾರದೋ ತಪ್ಪು, ಇವನಿಗೇನು? "ನಿಮಗ ಬೈಗುಳ ತಪ್ಪತೈತಲ್ರಿ" ಎಂದುಬಿಡುತ್ತಿದ್ದ. ಇಂಥವನನ್ನು ಹೊಗಳದೆ ಇನ್ಯಾರನ್ನು ಹೊಗಳಲಿ?

ಹೆಂಡತಿ ಶಾರದಾ, ಮಗಳು ಗಾನವಿ. ಪೀತಮ್‌ಪುರದ ಹಳ್ಳಿ ಗಲ್ಲಿಯೊಳಗೆ ಬಾಡಿಗೆ ಕೋಣೆ. ಜೋಳದ ರೊಟ್ಟಿ ಬಡಿಯುವುದನ್ನು ನನಗೆ ಕಲಿಸಿದವಳು ಶಾರದಾ. ಗಾನವಿ ದೆಹಲಿಯಲ್ಲೇ ಬೆಳೆದ ಹುಡುಗಿ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಗೆ ಮಾತ್ರ ಅರ್ಧಕ್ಕೇ ಹಿಂದಿ ಬಂದುಬಿಡುತ್ತದೆ.

ಹೋದ ವರ್ಷ ಆ ಹುಡುಗಿಗೆ ಡೆಂಗೂ ಬಂತು. ಮಹಂತೇಶ ನಾಗಪುರದ ಆಚೆ ಇದ್ದ. ಆಸ್ಪತ್ರೆಯ ಕಾರಿಡಾರಿನಲ್ಲಿ ಶಾರದಾ, ನಾನು. ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದು ಡಾಕ್ಟರು ಬಂದು ಬಂದು ಹೇಳುತ್ತಿದ್ದರು. ಅವನು ಫೋನಿನಲ್ಲಿ, "ಬಂದೆ, ಬಂದೆ" ಎನ್ನುತ್ತಿದ್ದ. ಲಾರಿ ಏನು ವಿಮಾನವೇ? ಅವನು ತಲುಪಿದ್ದು ಹುಡುಗಿ ಮನೆಗೆ ವಾಪಸ್ಸು ಬಂದ ದಿನ. ಬಾಗಿಲಲ್ಲಿ ನಿಂತವನನ್ನು ನೋಡಿ ಅವಳು, "ಪಪ್ಪಾ, ನೀವು ಗೆಸ್ಟ್ ಥರ ಬರ್ತೀರಿ, ಗೆಸ್ಟ್ ಥರ ಜಾತೇ ಹೋ" ಎಂದಳು. ಸಿಟ್ಟಿನಿಂದಲ್ಲ, ನಗುತ್ತಲೇ. ಅದಕ್ಕೇ ಇನ್ನೂ ಜೋರಾಗಿ ನಾಟಿತು. ಅವತ್ತೇ ಅವನು ಲಾರಿ ಬಿಡುವ ಮನಸ್ಸು ಮಾಡಿದ.

ಮನಸ್ಸು ಮಾಡಿದ ಕೂಡಲೇ ಕೆಲಸ ಸಿಗುತ್ತದೆಯೇ? ಈ ವರ್ಷ ದೀಪಾವಳಿಯ ಮುಂಚೆ ಸಿಗುವ ಹಾಗಾಯಿತು. ಪೀತಮ್‌ಪುರದ ಒಂದು ಖಾಸಗಿ ಶಾಲೆಗೆ ಬಸ್ ಡ್ರೈವರ್ ಬೇಕಾಗಿತ್ತು. ಅಲ್ಲಿ ಬಸ್ಸುಗಳನ್ನು ನೋಡಿಕೊಳ್ಳುವವರು ನಾಣಯ್ಯ, ಸೈನ್ಯದಿಂದ ನಿವೃತ್ತರಾದ ಕೊಡಗಿನವರು. ಕನ್ನಡ ಸಂಘದವರು ಯಾರೋ ಮಹಂತೇಶನ ಹೆಸರು ಅವರ ಕಿವಿಗೆ ಹಾಕಿದ್ದರು. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವ ಕೆಲಸ. ನಾಣಯ್ಯ ಮಾತ್ರ ಖಡಕ್ಕು. "ಕನ್ನಡದವರು ಅಂತ ರಿಯಾಯಿತಿ ಇಲ್ಲ. ಮಕ್ಕಳನ್ನು ಕೂರಿಸೋ ಬಸ್ಸು. ಈಗಿನ ಮಾಲೀಕರ ಹತ್ತಿರ ನಾನೇ ಮಾತಾಡ್ತೀನಿ. ಅವರು ಒಳ್ಳೆ ಮಾತು ಹೇಳಿದ್ರೆ ಮಾತ್ರ" ಎಂದಿದ್ದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಚೌಧರಿ ಒಳ್ಳೆಯ ಮಾತು ಹೇಳುವುದೇ? ಬಿಟ್ಟು ಹೋದ ಡ್ರೈವರಿನ ಬಗ್ಗೆ ಯಾರು ವಿಚಾರಿಸಿದರೂ ಅವನದು ಒಂದೇ ಉತ್ತರ: ಕುಡುಕ, ಡೀಸೆಲ್ ಕಳ್ಳ. ಹೇಳಿ ಹೋದವರ ಬಗ್ಗೆ ಏನೆನ್ನುತ್ತಾನೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ, ಹಾಗೆ ಹೋದವರೇ ಇರಲಿಲ್ಲ. "ಹೇಳಬೇಡ ಕಣೋ. ಸುಮ್ಮನೆ ಬಿಟ್ಟು ಹೋಗು, ಮಾಲೀಕನ ಬದಲು ನಮ್ಮ ಯಜಮಾನರ ನಂಬರು ಕೊಡು, ಅವರು ಹೊಗಳ್ತಾರೆ" ಎಂದು ನಾನೇ ಬುದ್ಧಿ ಹೇಳಿದೆ.

"ಅವರ ಮನ್ಯಾಗ ಅನ್ನ ಉಂಡೀನ್ರಿ ಅಕ್ಕಾ. ಹೇಳದ ಹ್ಯಾಂಗ ಹೋಗೂದು?" ಎಂದ.

ಮಾರನೇ ಬೆಳಗ್ಗೆ ಚೌಧರಿ ಇಡ್ಲಿ ಮುಗಿಸುವವರೆಗೂ ಕಾದು, ಕೈಕಟ್ಟಿಕೊಂಡು ಎದುರಿಗೆ ನಿಂತು ಹೇಳಿದ. "ಚೌಧರಿ ಸಾಬ್, ನಾನು ಕೆಲಸ ಬಿಡ್ತೀನಿ. ನೀವು ಹೊಸ ಡ್ರೈವರ್ ನೋಡ್ಕೊಳ್ಳಿ. ಅವನಿಗೆ ಗಾಡಿ ಒಪ್ಪಿಸಿ ಹೋಗ್ತೀನಿ."

ಚೌಧರಿ ಮೀಸೆಯ ಚಟ್ನಿ ಒರೆಸಿಕೊಂಡು, "ಯಾರು ಕರೀತಿದ್ದಾರೆ? ಪಕ್ಕದ ಗುಪ್ತಾನಾ?" ಎಂದ. ಯಾರೂ ಇಲ್ಲ, ಶಾಲೆ ಬಸ್ಸು ಎಂದ ಮಹಂತೇಶ. ಚೌಧರಿ ಗಹಗಹಿಸಿ ನಕ್ಕು, "ಅಚ್ಛಾ ಅಚ್ಛಾ, ಅರ್ಥ ಆಯ್ತು" ಎಂದು ಎದ್ದು ಹೋದ.

ಅವನಿಗೆ ಅರ್ಥ ಆಗಿದ್ದು ಇಷ್ಟು: ಮದ್ರಾಸಿ ಹಟ ಮಾಡುತ್ತಿದ್ದಾನೆ, ಏನೋ ಬೇಕಾಗಿದೆ. ಸ್ವಲ್ಪ ದಿನಕ್ಕೆ ನಮ್ಮ ಮೆಸ್ಸಿನ ಮುಂದೆ ಒಂದು ಹೊಸ ಲಾರಿ ಬಂದು ನಿಂತಿತು. ಎ.ಸಿ. ಕ್ಯಾಬಿನ್, ಹೊಗೆ ಉಗುಳದ ಹೊಸ ಇಂಜಿನ್, ದೃಷ್ಟಿ ಆಗದಿರಲೆಂದು ಮುಂದೆ ಕರಿ ಜುಟ್ಟು, ಚೆಂಡುಹೂವಿನ ಹಾರ. ಚೌಧರಿ ಇಳಿದು ಬಂದು ಎಲ್ಲರ ಎದುರಿಗೆ ಕೀಲಿಯನ್ನು ಮಹಂತೇಶನ ಅಂಗೈಯಲ್ಲಿಟ್ಟ. "ತಗೋ. ಇಷ್ಟು ವರ್ಷ ಹಳೇದು ಓಡಿಸಿದ್ದು ಸಾಕು. ಇದು ನಿಂದೇ."

ಅಯ್ಯೋ, ಆ ಮನುಷ್ಯನ ಮುಖದಲ್ಲಿ ಅವತ್ತು ಎಂಥ ಹೆಮ್ಮೆ! ಮಗನಿಗೆ ಸೈಕಲ್ ಕೊಡಿಸಿದ ಅಪ್ಪನ ಹಾಗೆ ನಿಂತಿದ್ದ. ಮಹಂತೇಶ ಹೊಸ ಗಾಡಿಯ ಸುತ್ತ ನಡೆದ, ಚಕ್ರ ತಟ್ಟಿದ, ಬಾಗಿಲು ತೆಗೆದು ಒಳಗಿನ ವಾಸನೆ ನೋಡಿದ. ಅವನಿಗೂ ಆಸೆ ಇತ್ತು, ಕಣ್ಣಲ್ಲೇ ಕಾಣುತ್ತಿತ್ತು. ಆಮೇಲೆ ಎರಡೂ ಕೈಯಲ್ಲಿ ಕೀಲಿ ಹಿಡಿದು ವಾಪಸ್ಸು ಕೊಟ್ಟ. "ಭಾಳ ಚಂದ ಐತಿ ಸಾಬ್. ಆದರೆ ನಾನು ನಿಜವಾಗಿಯೂ ಹೋಗ್ತಿದೀನಿ."

ಚೌಧರಿಯ ಮುಖ ಸಣ್ಣದಾಯಿತು. ಅವತ್ತು ಅವನು ಬೈಯಲೇ ಇಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆಮೇಲೆ ಶುರುವಾಯಿತು ಮೌನವ್ರತ. ಇಬ್ಬರೂ ಒಂದೇ ಮೇಜಿನಲ್ಲಿ ಕೂತಿರುತ್ತಾರೆ, ಚೌಧರಿ ನನ್ನ ಕಡೆ ತಿರುಗಿ, "ಅಮ್ಮಾಜಿ, ನಿಮ್ಮ ಮದ್ರಾಸಿಗೆ ಹೇಳಿ, ಟಾರ್ಪಾಲು ಹರಿದಿದೆ, ಹೊಲಿಸಬೇಕು" ಎನ್ನುತ್ತಾನೆ. ಮಹಂತೇಶ ನನಗೆ, "ಹೊಲಿಸಿದೆ ಅಂತ ಹೇಳ್ರಿ ಅಕ್ಕಾ" ಎನ್ನುತ್ತಾನೆ. ಅತ್ತೆ ಸೊಸೆ ಜಗಳದಲ್ಲಿ ಸಿಕ್ಕಿಕೊಂಡ ನೆರೆಮನೆಯವಳ ಪಾಡು ನನ್ನದು. ಒಂದು ದಿನ ತಲೆಕೆಟ್ಟು, "ನಾನೇನು ಮೈಕಾ? ನೀವು ನೀವೇ ಮಾತಾಡ್ಕೊಳ್ಳಿ" ಎಂದು ಸೌಟು ಕುಕ್ಕಿದೆ. ಪ್ರಯೋಜನ ಆಗಲಿಲ್ಲ. ಹೀಗೆ ಮುನಿಸಿಕೊಂಡವನ ಹತ್ತಿರ ಶಾಲೆಯವರು ಫೋನ್ ಮಾಡಿದರೆ ಏನು ಗತಿ ಎಂದು ಶಾರದಾ ಕಣ್ಣೀರು ಹಾಕುತ್ತಿದ್ದಳು.

ಅಂತೂ ಚೌಧರಿ ಹೊಸ ಡ್ರೈವರನ್ನು ಕರೆತಂದ. ಜಮ್ಶೇದ್ ಅಂತ, ಹರಿಯಾಣದ ನೂಹ್ ಕಡೆಯ ಮೇವಾತಿ. ಸಣ್ಣ ವಯಸ್ಸು, ಹೊಸ ಸಂಸಾರ, ಹೆಂಡತಿ ತುಂಬಿದ ಬಸುರಿ. ಮಹಂತೇಶ ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ತಾನು ಕ್ಲೀನರ್ ಸೀಟಿನಲ್ಲಿ ಕೂತು, ಅವನ ಕೈಗೆ ಸ್ಟೇರಿಂಗ್ ಕೊಟ್ಟು, ಬೆಂಗಳೂರಿಗೆ ಒಂದು ಸುತ್ತು ಹೋಗಿ ಬರುತ್ತೇನೆ ಎಂದ. ಯಾವ ಇಳಿಜಾರಿನಲ್ಲಿ ಈ ಹಳೇ ಗಾಡಿ ಎಡಕ್ಕೆ ಎಳೆಯುತ್ತದೆ, ಯಾವ ಢಾಬಾದಲ್ಲಿ ಕಣ್ಣು ಮುಚ್ಚಿ ಮಲಗಬಹುದು, ಎಲ್ಲ ತೋರಿಸಬೇಕಂತೆ. ಅದನ್ನು ಅವನು 'ಒಪ್ಪಿಸುವುದು' ಎನ್ನುತ್ತಿದ್ದ. ನಮ್ಮ ಇಡೀ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಯಾರೂ ಕೇಳರಿಯದ ಪದ್ಧತಿ. ಚೌಧರಿ ಗೋಡೆ ನೋಡಿಕೊಂಡು, "ಅವನಿಷ್ಟ" ಎಂದ.

ಅವರು ವಾಪಸ್ಸು ಬರುವ ಹೊತ್ತಿಗೆ ದೆಹಲಿಗೆ ಹೊಗೆ ಮುಸುಕಿತ್ತು. ಪ್ರತಿ ಚಳಿಗಾಲ ಇದು ಇದ್ದದ್ದೇ. ಬೆಳಗೋ ಸಂಜೆಯೋ ತಿಳಿಯದು, ಕಣ್ಣುರಿ, ಗಂಟಲಲ್ಲಿ ಮರಳು. ಹೊಗೆ ಮಿತಿಮೀರಿದರೆ ಸರ್ಕಾರ ಹಳೇ ಡೀಸೆಲ್ ಲಾರಿಗಳನ್ನು ಊರೊಳಗೆ ಬಿಡುವುದಿಲ್ಲ, ಗಡಿಯಲ್ಲೇ ತಡೆಯುತ್ತದೆ. ಮಕ್ಕಳಿಗೆ ಮನೆಯಿಂದಲೇ ಆನ್‌ಲೈನ್ ಕ್ಲಾಸು. ಶಾಲೆ ಖಾಲಿ ಇರುವಾಗಲೇ ಡ್ರೈವರುಗಳನ್ನು ಆರಿಸಿ ಮುಗಿಸೋಣ ಎಂದು ನಾಣಯ್ಯ ದಿನ ಗೊತ್ತುಮಾಡಿಬಿಟ್ಟರು. ಅದರ ಹಿಂದಿನ ದಿನ ಸಂಜೆ ನನಗೆ ಮಹಂತೇಶನ ಫೋನು ಬಂತು.

"ಅಕ್ಕಾ, ಕುಂಡ್ಲಿ ಗಡಿಯೊಳಗ ನಿಂತೀನ್ರಿ. ಗಾಡಿ ಬಿಡವಲ್ರು."

"ನಿಂತಿದ್ರೆ ನಿಲ್ಲಲಿ ಬಿಡೋ. ಜಮ್ಶೇದ್ ಇದಾನಲ್ಲ? ಅವನಿಗೆ ಬಿಟ್ಟು ಆಟೋ ಹತ್ತಿ ಬಾ. ಕುಂಡ್ಲಿಯಿಂದ ನಿಮ್ಮನೆ ಎಷ್ಟು ದೂರ?"

ಆಗ ವಿಷಯ ಹೇಳಿದ. ಅವತ್ತು ಬೆಳಗ್ಗೆ ನೂಹ್ ಹತ್ತಿರದ ಹೆದ್ದಾರಿಯಲ್ಲಿ ಬರುವಾಗ ಜಮ್ಶೇದನ ಊರಿಂದ ಫೋನ್ ಬಂದಿತ್ತು. ಹೆಂಡತಿಗೆ ನೋವು ಶುರುವಾಗಿದೆ, ಕಷ್ಟ ಇದೆ, ಆಸ್ಪತ್ರೆಗೆ ಒಯ್ದಿದ್ದಾರೆ. ಆ ಹುಡುಗ ಗಾಡಿಯನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿಬಿಟ್ಟ. ಮಹಂತೇಶ ಅವನನ್ನು ಇಳಿಸಿ ಕಳಿಸಿದ. "ನನ್ನ ಮಗಳ ಹೊತ್ತಿನ್ಯಾಗ ನಾ ಮುಟ್ಟಲಿಲ್ರಿ. ಅವನಾದ್ರೂ ಮುಟ್ಟಲಿ ಅಂದೆ."

"ಸರಿ, ಪುಣ್ಯ ಕಟ್ಕೊಂಡೆ. ಈಗ ಚೌಧರಿಗೆ ಹೇಳು, ಇನ್ನೊಬ್ಬನನ್ನ ಕಳಿಸಲಿ."

"ಹೇಳಿದ್ರ ಜಮ್ಶೇದನ ಕೆಲಸ ಹೋಗತೈತ್ರಿ."

ಅದು ನಿಜ. ದಾರಿ ಮಧ್ಯೆ ಗಾಡಿಯಿಂದ ಇಳಿದವನನ್ನು ಚೌಧರಿ ಮತ್ತೆ ಹತ್ತಿಸುವುದಿಲ್ಲ, ಯಾವ ಕಾರಣಕ್ಕೂ. ಹೇಳಿದರೆ ಆ ಹುಡುಗನಿಗೆ ಮಗು ಹುಟ್ಟಿದ ದಿನವೇ ಕೆಲಸ ಇಲ್ಲ. ಹೇಳದಿದ್ದರೆ ಇವನಿಗೆ ಶಾಲೆ ಇಲ್ಲ. ಅತ್ತ ದರಿ, ಇತ್ತ ಪುಲಿ.

"ಬೀಗ ಹಾಕಿ ಬಂದ್ಬಿಡು ಮಾರಾಯ! ಒಂದು ಗಂಟೆ ಕೆಲಸ!" ಎಂದು ಕಿರುಚಿದೆ.

"ಪೀಣ್ಯದ ಮೋಟಾರು ತುಂಬೈತ್ರಿ. ಇಲ್ಲಿ ಸಾಲಿನ್ಯಾಗ ನಿಂತ ಗಾಡಿ ಬ್ಯಾಟರಿ, ಡೀಸೆಲ್ ಎಲ್ಲಾ ಬಿಚ್ಚತಾರ. ಒಪ್ಪಿಸದ ಬಿಟ್ಟು ಬಂದ್ರ, ಕೀಲಿ ಬಿಟ್ಟು ಓಡಿ ಹೋದವರಿಗೂ ನನಗೂ ಏನ್ರಿ ಫರಕು? ನೀವು ಶಾರದಾನ್ನ ಕರ್ಕೊಂಡು ಶಾಲಿಗೆ ಹೋಗಿ ಇನ್ನೊಂದು ದಿನ ಕೇಳ್ರಿ. ಚೌಧರಿ ಸಾಹೇಬ್ರಿಗೆ ಹೇಳಬ್ಯಾಡ್ರಿ."

ಶಾರದಾ ಆಗಲೇ ನಾಣಯ್ಯನವರಿಗೆ ಫೋನ್ ಮಾಡಿ ಕೇಳಿದ್ದಳು. ಪ್ರಿನ್ಸಿಪಾಲರು ನಾಳೆಯೇ ಹೆಸರು ಕೇಳಿದ್ದಾರೆ, ಬರುವುದಾದರೆ ನಾಳೆಯೇ ಬರಲಿ ಎಂದುಬಿಟ್ಟಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವಳು ಗೋಡೆಗೆ ಒರಗಿ ಕೂತಳು. ಗಾನವಿ ಅಮ್ಮನ ಪಕ್ಕ ಕೂತು, "ಪಪ್ಪಾ ಆಯೇಂಗೇ, ಮಮ್ಮಿ. ಬರ್ತಾರೆ" ಎನ್ನುತ್ತಿತ್ತು. ಆ ಮಗುವಿನ ಮುಖ ನೋಡಿ ನನಗೆ ಸಿಟ್ಟು ಬಂತು. ಮಹಂತೇಶನ ಮೇಲೆ, ಚೌಧರಿಯ ಮೇಲೆ, ಹೊಗೆಯ ಮೇಲೆ. ಹೊಸ ಗಾಡಿ ತೆಗೆದುಕೊಂಡಿದ್ದರೆ ಗಡಿಯಲ್ಲಿ ಯಾರೂ ತಡೆಯುತ್ತಲೂ ಇರಲಿಲ್ಲ!

ಹೇಳಬೇಡ ಎಂದಿದ್ದ. ಹೇಳುವುದೇ ಸರಿ ಎಂದು ನಾನು ತೀರ್ಮಾನಿಸಿದೆ. ಇವತ್ತಿಗೂ ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಬೆಳಗ್ಗೆ ಚೌಧರಿ ಬಂದು ಕೂತ. ಇಡ್ಲಿ ಹಾಕಲಿಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಎಲ್ಲ ಹೇಳಿದೆ. ನೂಹ್, ಜಮ್ಶೇದ್, ಕುಂಡ್ಲಿ, ಶಾಲೆ, ಯಾವುದನ್ನೂ ಬಿಡಲಿಲ್ಲ. ಕೊನೆಗೆ, "ಆ ಹುಡುಗನ್ನ ತೆಗೀತೀಯೋ ಬಿಡ್ತೀಯೋ ನಿನ್ನ ಧರ್ಮ. ಆದರೆ ನಿನಗೆ ಹೇಳಿ ಹೋಗ್ತೀನಿ ಅಂದ ಒಬ್ಬನೇ ಒಬ್ಬ ಮನುಷ್ಯ ಅಲ್ಲಿ ಹೊಗೆ ಕುಡೀತಾ ನಿನ್ನ ಗಾಡಿ ಕಾಯ್ತಿದಾನೆ, ಚೌಧರಿ" ಎಂದೆ.

ಚೌಧರಿ ಮೇಜಿನ ಮೇಲಿದ್ದ ಕಾರಿನ ಕೀಲಿ ಎತ್ತಿಕೊಂಡ. ಆಮೇಲೆ ಎದ್ದು, "ಚಲೋ" ಎಂದ.

"ಎಲ್ಲಿಗೆ?"

"ನೀವೂ ಬನ್ನಿ" ಎಂದು ಕಾರಿನ ಬಾಗಿಲು ತೆಗೆದ. ಯಜಮಾನರಿಗೆ ಗಲ್ಲಾ ಒಪ್ಪಿಸಿ ಹತ್ತಿದೆ. ದಾರಿಯುದ್ದಕ್ಕೂ ಅವನು ಹಾರನ್ ಹೊಡೆಯುತ್ತಲೇ ಕಾರು ಓಡಿಸಿದ. ಜಗಳಕ್ಕೇ ಹೊರಟಿದ್ದಾನೆ, ಎಂಥ ಎಡವಟ್ಟು ಮಾಡಿದೆನಪ್ಪಾ ದೇವರೇ ಎಂದುಕೊಳ್ಳುತ್ತಿದ್ದೆ.

ಕುಂಡ್ಲಿಯಲ್ಲಿ ಕಣ್ಣು ಹಾಯುವವರೆಗೂ ಲಾರಿ. ಮುಂದಿನ ಗಾಡಿಯ ಹಿಂಭಾಗ ಕಾಣದಷ್ಟು ಹೊಗೆ. ಮಹಂತೇಶ ಬಾನೆಟ್ಟಿನ ಪಕ್ಕ ನಿಂತು ಗಾಜು ಒರೆಸುತ್ತಿದ್ದ. ಚೌಧರಿಯನ್ನು ಕಂಡು ಅವನ ಕೈಯ ಬಟ್ಟೆ ಕೆಳಗೆ ಬಿತ್ತು. ನನ್ನ ಕಡೆ ಒಂದು ನೋಟ ಬೀರಿದ. ನಾನು ಆಕಾಶ ನೋಡಿದೆ.

"ಸಾಬ್, ಜಮ್ಶೇದನದು ತಪ್ಪಿಲ್ಲ. ನಾನೇ ಇಳಿಸಿದ್ದು" ಎಂದ ಮೊದಲು.

"ದಾರಿಯಲ್ಲೇ ಆ ಹುಡುಗನಿಗೆ ಫೋನ್ ಮಾಡಬೇಕಿತ್ತು ನಾನು. ಈಗ ಮಾಡ್ತೀನಿ ಇರು" ಎಂದು ಚೌಧರಿ ಅಲ್ಲೇ ಫೋನ್ ಹಚ್ಚಿದ. ಆ ಕಡೆಯಿಂದ ಹೆದರಿದ ಧ್ವನಿ. "ಏ ಗಧೇ, ಗಂಡೋ ಹೆಣ್ಣೋ?" ಎಂದು ಗದರಿದ. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. "ನಾಳೆ ಮಧ್ಯಾಹ್ನದ ಒಳಗೆ ಗಾಡಿ ಹತ್ತಿರ ಇರಬೇಕು. ಇಲ್ಲದಿದ್ದರೆ ಚರ್ಮ ಸುಲೀತೀನಿ" ಎಂದು ಫೋನಿಟ್ಟ. ಚೌಧರಿಯ ಭಾಷೆಯಲ್ಲಿ ಅದು ಆಶೀರ್ವಾದ.

ಆಮೇಲೆ ಮಹಂತೇಶನ ಮುಂದೆ ನಿಂತು, ಎಷ್ಟೋ ದಿನದ ಮೇಲೆ ನೇರವಾಗಿ ಅವನಿಗೇ ಹೇಳಿದ: "ಒಪ್ಪಿಸ್ತೀನಿ ಒಪ್ಪಿಸ್ತೀನಿ ಅಂತಿದ್ದೆಯಲ್ಲ? ಒಪ್ಪಿಸು."

ಮಹಂತೇಶನಿಗೆ ತಿಳಿಯಲಿಲ್ಲ. ಚೌಧರಿ ಕೈ ಚಾಚಿದ. ಆಗ ತಿಳಿಯಿತು. ಅವನು ಗಾಡಿಯ ಸುತ್ತ ನಡೆದು ಒಂದೊಂದೇ ತೋರಿಸಿದ. ಸ್ಟೆಪ್ನಿ, ಜಾಕು, ಹೊಲಿಸಿದ ಟಾರ್ಪಾಲು, ಸೀಲು ಒಡೆಯದ ಬಾಗಿಲು. ಚೌಧರಿ ಪ್ರತಿಯೊಂದಕ್ಕೂ ಹೂಂಗುಟ್ಟಿದ. ಕೊನೆಗೆ ಕೀಲಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. ಚೌಧರಿ ಬಿಳಿ ಕುರ್ತಾ ಎತ್ತಿ ಕಟ್ಟಿ, ಏದುಸಿರು ಬಿಡುತ್ತಾ ಕ್ಯಾಬಿನ್ ಹತ್ತಿ ಸ್ಟೇರಿಂಗ್ ಹಿಂದೆ ಕೂತ. ತನ್ನ ಕಾರಿನ ಕೀಲಿಯನ್ನು ಕೆಳಗೆ ಎಸೆದು, "ಹೋಗು. ಅಮ್ಮಾಜಿನ ಹುಷಾರಾಗಿ ಕರ್ಕೊಂಡು ಹೋಗು" ಎಂದ. ಮಹಂತೇಶ ಅವನ ಕಾಲು ಮುಟ್ಟಲು ಹೋದ. ಕಾಲು ಮೇಲಿತ್ತು, ಎಟುಕಲಿಲ್ಲ, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡ. ನನಗೆ ಅಳು ತಡೆಯಲಾಗಲಿಲ್ಲ. ಹೊಗೆ ಎಂದು ಕಣ್ಣೊರೆಸಿಕೊಂಡೆ.

ಶಾಲೆಗೆ ನಾವು ತಲುಪಿದಾಗ ಗೇಟಿನಲ್ಲಿ ಶಾರದಾ ನಿಂತಿದ್ದಳು. ಮೈದಾನ ಖಾಲಿ, ಹಳದಿ ಬಸ್ಸುಗಳು ಸಾಲಾಗಿ ನಿಂತಿದ್ದವು. ನಾಣಯ್ಯನವರ ಕೋಣೆಯಲ್ಲಿ ಮಹಂತೇಶ ಕುರ್ಚಿಯ ತುದಿಯಲ್ಲಿ ಕೂತ. ಮೈಯೆಲ್ಲ ಧೂಳು, ಕಣ್ಣು ಕೆಂಪು. ನಾಣಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೀಗೆ ಬರೋದಾ ಸಂದರ್ಶನಕ್ಕೆ?" ಎಂದರು. ನಾನು ಬಾಯಿ ತೆರೆದೆ. "ನೀವಿರಿ ಅಮ್ಮಾ, ನಾನು ಮಾಲೀಕರನ್ನೇ ಕೇಳ್ತೀನಿ" ಎಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ಶಾರದಾ ನನ್ನ ಕೈ ಹಿಡಿದುಕೊಂಡಳು, ಉಗುರು ಚುಚ್ಚುವಷ್ಟು ಗಟ್ಟಿಯಾಗಿ.

ಆ ಕಡೆ ಒಂದೇ ಸಮನೆ ಹಾರನ್ನುಗಳು.

"ಬಲ್ಬೀರ್ ದಹಿಯಾ ಅವರಾ? ನಾನು ಶಾಲೆಯಿಂದ ನಾಣಯ್ಯ. ನಿಮ್ಮ ಡ್ರೈವರ್ ಮಹಂತೇಶ್ ಬಗ್ಗೆ ಕೇಳಬೇಕಿತ್ತು. ಜವಾಬ್ದಾರಿ ಹೇಗೆ? ಗಾಡಿ ಮಧ್ಯದಲ್ಲಿ ಬಿಟ್ಟು ಹೋಗೋದು, ಅಂಥದ್ದೇನಾದ್ರೂ?"

"ಸಾಬ್, ನಾನು ಎಲ್ಲಿಂದ ಮಾತಾಡ್ತಿದೀನಿ ಗೊತ್ತಾ?" ಎಂದಿತು ಚೌಧರಿಯ ದಪ್ಪ ಧ್ವನಿ. "ಕುಂಡ್ಲಿ ಗಡಿ, ಲಾರಿಯೊಳಗಿಂದ. ಅವನ ಸೀಟಲ್ಲಿ ಕೂತಿದೀನಿ. ಕೆಲಸ ಬಿಡ್ತೀನಿ ಅಂತ ಹೇಳಿ ಎಷ್ಟೋ ದಿನ ಆಯ್ತು, ಆದರೂ ಗಾಡಿ ಬಿಟ್ಟು ಬರೋಲ್ಲ ಅಂದ. ಅವನು ನಿಮ್ಮ ಮುಂದೆ ಕೂರಲಿ ಅಂತ ಮಾಲೀಕ ನಾನು ಇಲ್ಲಿ ಬಂದು ಕೂತಿದೀನಿ. ಇನ್ನೇನು ಕೇಳಬೇಕು, ಕೇಳಿ."

ನಾಣಯ್ಯ ಇನ್ನೇನೂ ಕೇಳಲಿಲ್ಲ. ಧನ್ಯವಾದ ಹೇಳಿ ಫೋನಿಟ್ಟರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ಮಹಂತೇಶನ ಕಡೆ ತಿರುಗಿ ಬಹುವಚನದಲ್ಲಿ ಕೇಳಿದರು: "ಯಾವತ್ತಿಂದ ಬರ್ತೀರಿ?"

ಮಹಂತೇಶ ಆಗಲೇ ಎದ್ದು ನಿಂತಿದ್ದ. "ನೀವು ಹೇಳಿದ ದಿನ ಬರತೀನ್ರಿ ಸಾಹೇಬ್ರ. ಈಗ ಮಾತ್ರ ಅಪ್ಪಣೆ ಕೊಡ್ರಿ. ಚೌಧರಿ ಸಾಹೇಬ್ರಿಗೆ ಶುಗರ್ ಐತ್ರಿ, ಬೆಳಗಿಂದ ಏನೂ ತಿಂದಿಲ್ಲಂತ ಅಕ್ಕ ಹೇಳ್ಯಾರ. ಹೋಗಿ ಇಳಿಸಿಕೊಳ್ಳಬೇಕು" ಎಂದು ಕೈ ಮುಗಿದು ಹೊರಗೆ ನಡೆದ.